ಹತ್ತಿಕಟ್ಟಿಗೆಯಿಂದ ಇಂಧನಾನಿಲ

ರಾಯಚೂರು ಸೀಮೆಯ ಕರಿಮಣ್ಣಿನ ಹೊಲಗಳಲ್ಲಿ ಹತ್ತಿಯನ್ನು ಬಿಡಿಸಿದ ತರುವಾಯ ನಿಲ್ಲುವ ಕಟ್ಟಿಗೆಯ ಒಂದಂಶವು ಒಲೆಗೆ ಹೋಗುವುದು. ಮಿಕ್ಕದ್ದನ್ನು ಹೊಲದಲ್ಲಿಯೇ ಸುಡುವುದುಂಟು. ಹೀಗೆ ಸುಟ್ಟ ಕಟ್ಟಿಗೆಯಿಂದ ಬೂದಿಯ ಹೊರತು ಬೇರೆ ಪ್ರಯೋಜನವಿಲ್ಲ. ಅದೇ ಕಟ್ಟಿಗೆಯಿಂದ ಹಿಟ್ಟಿನ ಗಿರಣಿಯನ್ನೂ ನೀರೆತ್ತುವ ಯಂತ್ರವನ್ನೂ ನಡೆಸಬಹುದು. ಯಾಪಲದಿನ್ನಿಯಂಥ ಗ್ರಾಮದ ಹಿಡುವಳಿದಾರರೂ ಮುಖಂಡರೂ ಈ ವಿಷಯವನ್ನು ಲೆಕ್ಕಹಾಕಿ ನೋಡತಕ್ಕದ್ದು.

ಅನಿಲವಾಗುವ ಬಗೆ.— ಕಟ್ಟಿಗೆಯು ಪೂರ್ತಿಯಾಗಿ ಉರಿಯಲು ಬೇಕಾದ ಗಾಳಿಯಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ ಒಳಗೆ ಬಿಟ್ಟರೆ, ಅದು ಅರ್ಧ ಉರಿದು ಕೆಂಡವಾಗುವುದು. ಹೊಗೆಯನ್ನು ಆ ಕೆಂಡದ ಮೂಲಕ ಕೆಳಕ್ಕೆ ಸೆಳೆದಾಗ ಅದರಲ್ಲಿಯ ಡಾಂಬರು ಬಹುಮಟ್ಟಿಗೆ ನಾಶವಾಗಿ, ಉರಿಯತಕ್ಕ ಅನಿಲವು ದೊರೆಯುವುದು. ಇದನ್ನು ತಣಿಸಿ, ಸೋಸಿ, ಎಂಜಿನಿಗೆ ಕೊಡಬೇಕು. ಇಂಥ ಒಲೆಗೆ ಗ್ಯಾಸಿಫೈಯರ್ ಎಂದು ಹೆಸರು. ಒಣಗಿದ 1 ಕಿಲೋಗ್ರಾಂ ಕಟ್ಟಿಗೆಯಿಂದ ಸುಮಾರು 2½ ಘನಮೀಟರು ಅನಿಲ ಬರುವುದು.

ಪೂರ್ವದ ಅನುಭವ.— ಇದು ಹೊಸ ವಿದ್ಯೆಯಲ್ಲ. 1939ರಿಂದ 1945ರ ವರೆಗಿನ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಅಭಾವವುಂಟಾದಾಗ ನಮ್ಮ ದೇಶದ ಮೋಟಾರು ಬಸ್ಸುಗಳು ಇದ್ದಲಿನ ಅನಿಲದಿಂದ ಓಡಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಇಂಥ ಯಂತ್ರವನ್ನು ಸ್ಥಾಪಿಸಿದರು. ಅದರಿಂದ ಆ ಗ್ರಾಮಕ್ಕೆ ದೀಪವೂ, ಕುಡಿಯುವ ನೀರೂ, ಹಿಟ್ಟಿನ ಗಿರಣಿಯೂ ಒದಗಿದವು. ಅಲ್ಲಿ ಸೌದೆಗಾಗಿ ಮರಗಳನ್ನು ಬೆಳೆಸಲಾಗಿತ್ತು. ಹತ್ತಿಯ ಸೀಮೆಯಲ್ಲಿ ಬೆಳೆಯೇ ಸೌದೆಯನ್ನು ಕೊಡುತ್ತದೆ.

ಲೆಕ್ಕ.— ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 1½ ಕಿಲೋಗ್ರಾಂ ಒಣಕಟ್ಟಿಗೆ ಬೇಕು. 5 ಕಿಲೋವ್ಯಾಟಿನ ಯಂತ್ರವು ದಿನಕ್ಕೆ 4 ತಾಸು ನಡೆದರೆ 30 ಕಿಲೋಗ್ರಾಂ. 300 ದಿನಕ್ಕೆ 9 ಟನ್ನು. ಎಕರೆಗೆ ಎಷ್ಟು ಕಟ್ಟಿಗೆ ದೊರೆಯುವುದೆಂಬುದನ್ನು ತಮ್ಮ ಹೊಲದಲ್ಲಿಯೇ ತೂಗಿ ನೋಡಬೇಕು. ಬಡವರ ಒಲೆಗೆ ಹೋಗುವ ಪಾಲನ್ನು ಮೊದಲು ಕಳೆದು, ಉಳಿದುದನ್ನು ಮಾತ್ರ ಎಣಿಸತಕ್ಕದ್ದು. ದನಗಳ ಮೇವಾದ ಜೋಳದ ಕಣಿಕೆಯನ್ನು ಇದಕ್ಕೆ ಎಂದಿಗೂ ಉಪಯೋಗಿಸಬಾರದು.

ಕಟ್ಟಿಗೆಯ ಸಿದ್ಧತೆ.— ಕಟ್ಟಿಗೆಯನ್ನು ಬೇರುಸಹಿತ ಕಿತ್ತು, ಮಣ್ಣನ್ನು ಕೊಡವಿ, ಸಣ್ಣ ತುಂಡುಗಳಾಗಿ ಕತ್ತರಿಸಿ ಒಣಗಿಸಬೇಕು. ತೇವವು ನೂರಕ್ಕೆ 15ರಷ್ಟಕ್ಕಿಂತ ಹೆಚ್ಚಿದರೆ ಅನಿಲವು ನಿಸ್ಸಾರವಾಗಿ ಡಾಂಬರು ಹೆಚ್ಚುವುದು. ಆದಕಾರಣ ಮಳೆಗಾಲಕ್ಕೆ ಮುಂಚೆಯೇ ಸೂರಿನ ಕೆಳಗೆ ಸೇರಿಸಬೇಕು. ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಹುಳುವು ಅಡಗಿರುವುದರಿಂದ, ಇಡೀ ಕಟ್ಟಿಗೆಯನ್ನು ಬಣವೆಯಾಗಿ ಬಿಟ್ಟರೆ ಮುಂದಿನ ಬೆಳೆಗೆ ಹಾನಿ. ತಡಮಾಡದೆ ಕತ್ತರಿಸುವುದರಿಂದ ಈ ದೋಷವೂ ತಪ್ಪುವುದು. ಭತ್ತದ ಹೊಟ್ಟಿನಲ್ಲಿ ಸುಮಾರು ಐದರಲ್ಲೊಂದು ಭಾಗ ಬೂದಿಯಿರುವುದರಿಂದ ಅದಕ್ಕೆ ಬೇರೆ ಬಗೆಯ ಒಲೆಯೇ ಬೇಕು.

ಎಚ್ಚರಿಕೆ.— ಈ ಅನಿಲದ ಸುಮಾರು ಐದರಲ್ಲೊಂದು ಭಾಗವು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯಂತ್ರವನ್ನು ಮನೆಯೊಳಗಾಗಲಿ ಮುಚ್ಚಿದ ಕೊಠಡಿಯಲ್ಲಾಗಲಿ ಇಡಕೂಡದು. ನಾಲ್ಕೂ ಕಡೆ ಗಾಳಿಯಾಡುವ ಚಪ್ಪರದಲ್ಲಿಡಬೇಕು. ಕೆಲಸದವನಿಗೆ ತಲೆನೋವು ಅಥವಾ ತಲೆಸುತ್ತು ಬಂದರೆ ಕೂಡಲೇ ಬಯಲಿಗೆ ಕರೆತಂದು ವೈದ್ಯರಲ್ಲಿಗೆ ಒಯ್ಯಬೇಕು.

ಕಟ್ಟಿಗೆಯಿದ್ದ ಮಾತ್ರಕ್ಕೆ ಯಂತ್ರವು ನಡೆಯಲಾರದು. ದಿನವೂ ಬೂದಿ ತೆಗೆದು ಸೋಸುಕವನ್ನು ಶುಚಿಮಾಡುವ ತರಬೇತಾದ ಆಳು, ವರ್ಷಕ್ಕೆ ಸಾಲುವ ಒಣಸೌದೆ, ದುರಸ್ತಿಗೆ ಕೂಡಿಟ್ಟ ಹಣ, ಈ ಮೂರನ್ನೂ ಗೊತ್ತುಮಾಡಿಕೊಂಡ ಮೇಲೆಯೇ ಮುಖಂಡರು ಯಂತ್ರಕ್ಕೆ ಕೈಹಾಕುವುದು ಲೇಸು.