ಹೃದಯಕ್ಕೆ ಬಾರಕೋಲು ಬೇಡ, ಮೇವು ಬೇಕು



ನಸುಕಿನಲ್ಲಿ ಭಾಲ್ಕಿ ಇಲ್ಲವೆ ಔರಾದಿನ ರಸ್ತೆಯ ಬದಿಗೆ ನಿಂತು ನೋಡಿರಿ. ಪೊಲೀಸ್ ಭರ್ತಿಗೋ ಸೈನ್ಯದ ಭರ್ತಿಗೋ ತಯಾರಾಗಲು ತರುಣರು ಓಡುವುದನ್ನು ಕಾಣುವಿರಿ. ಇದು ಸಂತೋಷದ ಸಂಗತಿ. ಆದರೆ ಓಡುವ ಮೊದಲು ಕೆಲವರು ಎನರ್ಜಿ ಡ್ರಿಂಕಿನ ಬಾಟಲಿಯೊಂದನ್ನು ಗಟಗಟನೆ ಕುಡಿಯುತ್ತಾರೆ. ಸೋಯಾಬೀನ್ ರಾಶಿಯ ದಿನಗಳಲ್ಲಿ ಚೀಲ ಹೊರುವವರ ಕೈಯಲ್ಲಿಯೂ ಇದೇ ಬಾಟಲಿ. "ಇದನ್ನು ಕುಡಿದರೆ ದಣಿವೇ ಆಗುವುದಿಲ್ಲ" ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಎಷ್ಟು ಹುರುಳಿದೆ? ಇಂದು ಇದನ್ನೇ ವಿಚಾರ ಮಾಡೋಣ.

ಹೃದಯ ಹೇಗೆ ದುಡಿಯುತ್ತದೆ?

ನಿಮ್ಮ ಮುಷ್ಟಿಯಷ್ಟು ದೊಡ್ಡದಾದ ಹೃದಯವು ಮಾಂಸದಿಂದಾದ ಒಂದು ಪಂಪು. ಸುಮ್ಮನೆ ಕುಳಿತಾಗ ಅದು ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ದಿನಕ್ಕೆ ಇದು ಸುಮಾರು 1 ಲಕ್ಷ ಬಡಿತವಾಯಿತು. ಓಡಿದಾಗ, ಭಾರ ಹೊತ್ತಾಗ ತೋಳು ತೊಡೆಗಳಿಗೆ ಹೆಚ್ಚು ರಕ್ತ ಬೇಕು. ಆಗ ಬಡಿತ ಏರುತ್ತದೆ. ವಿಶ್ರಾಂತಿ ಪಡೆದಾಗ ಇಳಿಯುತ್ತದೆ.

ದಿನವೂ ಕ್ರಮವಾಗಿ ವ್ಯಾಯಾಮ ಮಾಡುವವನ ಹೃದಯ ಪಳಗುತ್ತದೆ. ಒಂದೊಂದು ಬಡಿತಕ್ಕೂ ಅದು ಹೆಚ್ಚು ರಕ್ತವನ್ನು ದೂಡಬಲ್ಲದು. ಆದ್ದರಿಂದ ವಿಶ್ರಾಂತಿಯಲ್ಲಿರುವಾಗ ಕಡಿಮೆ ಸಲ ಬಡಿದರೂ ಸಾಕಾಗುತ್ತದೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು ಅಥವಾ ಅಷ್ಟೇ ಶ್ರಮದ ಕೆಲಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ. ಆದರೆ ಹೊಸ ಎತ್ತನ್ನು ಮೊದಲ ದಿನವೇ ದಿನವಿಡೀ ನೇಗಿಲಿಗೆ ಹೂಡುವಿರಾ? ಇಲ್ಲ. ಹೃದಯವನ್ನೂ ಹಾಗೆಯೇ ಸ್ವಲ್ಪ ಸ್ವಲ್ಪವಾಗಿ ಪಳಗಿಸಬೇಕು.

ಬಾಟಲಿಯಲ್ಲಿ ಏನಿದೆ?

ಮುಖ್ಯವಾಗಿ ಇರುವುದು ಎರಡು: ಕೆಫೀನ್ ಮತ್ತು ಸಕ್ಕರೆ. ಕೆಫೀನ್ ಚಹಾದಲ್ಲಿಯೂ ಇದೆ. ಆದರೆ ಚಹಾವನ್ನು ಸಣ್ಣ ಕಪ್ಪಿನಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತೇವೆ. ಈ ಪಾನೀಯ ಬಾಟಲಿಗಟ್ಟಲೆ ಒಮ್ಮೆಗೇ ಹೊಟ್ಟೆ ಸೇರುತ್ತದೆ. ನಮ್ಮ ದೇಶದ ನಿಯಮದಂತೆ ಇಂಥ ಪಾನೀಯದ 1 ಲೀಟರಿನಲ್ಲಿ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಎಂದರೆ 250 ಮಿಲಿಲೀಟರಿನ ಬಾಟಲಿಯಲ್ಲಿ 75 ಮಿಲಿಗ್ರಾಂವರೆಗೆ. ದಿನಕ್ಕೆ 500 ಮಿಲಿಲೀಟರಿಗಿಂತ ಹೆಚ್ಚು ಕುಡಿಯಬಾರದೆಂದೂ, ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ತಕ್ಕುದಲ್ಲವೆಂದೂ ಬಾಟಲಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಓದು ಬಲ್ಲ ಮಕ್ಕಳಿಂದ ಓದಿಸಿ ಕೇಳಿರಿ. ಸಕ್ಕರೆಯ ಲೆಕ್ಕವನ್ನೂ ಓದಿಸಿರಿ. 100 ಮಿಲಿಲೀಟರಿಗೆ 10 ಗ್ರಾಂ ಎಂದಿದ್ದರೆ, 250 ಮಿಲಿಲೀಟರಿನ ಬಾಟಲಿಯಲ್ಲಿ ಐದಾರು ಚಮಚ ಸಕ್ಕರೆ ಇದೆ ಎಂದು ತಿಳಿಯಿರಿ.

ಕೆಫೀನ್ ಶಕ್ತಿ ಕೊಡುವುದಿಲ್ಲ. ದಣಿವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ, ಅಷ್ಟೆ. ದಣಿದ ಎತ್ತಿಗೆ ಬಾರಕೋಲು ಬೀಸಿದರೆ ಅದು ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟೀತು. ಅದರ ಹೊಟ್ಟೆ ತುಂಬೀತೇ? ಇದೂ ಹಾಗೆಯೇ. ಕುಡಿದು ಸುಮಾರು 5 ತಾಸು ಕಳೆದರೂ ಅರ್ಧ ಕೆಫೀನ್ ಮೈಯಲ್ಲಿಯೇ ಉಳಿದಿರುತ್ತದೆ. ಸಂಜೆ ಕುಡಿದವನಿಗೆ ರಾತ್ರಿ ಸರಿಯಾಗಿ ನಿದ್ದೆ ಬರದು. ನಿದ್ದೆಯಿಲ್ಲದವನು ಮರುದಿನ ಮತ್ತೆ ಬಾಟಲಿ ಹುಡುಕುತ್ತಾನೆ.

ಎರಡೂ ಕೂಡಿದಾಗ

ಓಟದಿಂದ ಬಡಿತವೂ ರಕ್ತದೊತ್ತಡವೂ ಏರುತ್ತವೆ. ಅದರ ಮೇಲೆ ಕೆಫೀನಿನ ಏಟು ಬಿದ್ದರೆ ಹೃದಯಕ್ಕೆ ಎರಡು ಕಡೆಯ ಹೊರೆ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ 18ರಿಂದ 40 ವಯಸ್ಸಿನ 34 ಮಂದಿ ಆರೋಗ್ಯವಂತರಿಗೆ ಸುಮಾರು 1 ಲೀಟರು ಎನರ್ಜಿ ಡ್ರಿಂಕ್ ಕುಡಿಸಿ ನೋಡಿದರು. ಅವರ ರಕ್ತದೊತ್ತಡ ಏರಿತು. ಹೃದಯವು ಒಂದು ಬಡಿತದಿಂದ ಚೇತರಿಸಿಕೊಂಡು ಮುಂದಿನ ಬಡಿತಕ್ಕೆ ಸಜ್ಜಾಗಲು ಹಿಡಿಯುವ ಹೊತ್ತು ತುಸು ಉದ್ದವಾಯಿತು. ಇದು ಮಿತಿಮೀರಿದರೆ ಬಡಿತದ ತಾಳ ತಪ್ಪುವ ಭಯವುಂಟು.

ಒಂದು ಬಾಟಲಿ ಕುಡಿದವರೆಲ್ಲ ಸಾಯುತ್ತಾರೆಂದು ಇದರ ಅರ್ಥವಲ್ಲ. ಆದರೆ ಕೆಲವರ ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿರುತ್ತದೆ. ಅದು ಅವರಿಗೇ ತಿಳಿದಿರುವುದಿಲ್ಲ. ಅಂಥವರಿಗೆ ಈ ಹೊರೆ ಅಪಾಯ ತರಬಹುದು. ಮನೆಯಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, ಓಡುವಾಗ ಎದೆ ಹಿಡಿದರೆ, ತಲೆ ತಿರುಗಿ ಬಿದ್ದರೆ, ಮುಂದೆ ಓಡುವ ಮೊದಲು ವೈದ್ಯರಿಗೆ ತೋರಿಸಲೇಬೇಕು. ಸಾರಾಯಿಯೊಡನೆ ಈ ಪಾನೀಯವನ್ನು ಬೆರೆಸುವುದಂತೂ ಕೂಡದು.

ನಟ ಪುನೀತ್ ರಾಜ್‌ಕುಮಾರ್ ಅವರನ್ನು ನೀವು ಮರೆತಿಲ್ಲ. 2021ರ ಅಕ್ಟೋಬರ್ 29ರಂದು ಬೆಳಿಗ್ಗೆ ವ್ಯಾಯಾಮದ ಬಳಿಕ ಅವರಿಗೆ ಎದೆಯಲ್ಲಿ ತೊಂದರೆ ಕಾಣಿಸಿತು. ಅದೇ ದಿನ, 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಯಾವ ಪಾನೀಯವೂ ಕಾರಣವೆಂದು ನಾವು ಹೇಳುತ್ತಿಲ್ಲ. ವ್ಯಾಯಾಮ ಕೆಟ್ಟದ್ದೆಂದೂ ತಿಳಿಯಬಾರದು. ಗಟ್ಟಿಮುಟ್ಟಾಗಿ ಕಾಣುವ ಮೈಯೊಳಗೂ ಹೃದಯ ತೊಂದರೆಯಲ್ಲಿರಬಹುದು, ಅದು ಕೊಡುವ ಸೂಚನೆಯನ್ನು ಅಲಕ್ಷಿಸಬಾರದು, ಇದೇ ನಾವು ಕಲಿಯಬೇಕಾದ ಪಾಠ. ದಣಿವನ್ನು ಮುಚ್ಚಿಡುವ ಬಾಟಲಿ ಇಂಥ ಸೂಚನೆಯನ್ನೂ ಮುಚ್ಚಿಟ್ಟೀತು.

ಹಾಗಾದರೆ ಏನು ಕುಡಿಯಬೇಕು?

ಬೆವರಿನೊಡನೆ ಹೋಗುವುದು ನೀರು ಮತ್ತು ಉಪ್ಪು. ಅವನ್ನೇ ತುಂಬಿಕೊಳ್ಳಬೇಕು. ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ನೀರು, ಜೋಳದ ಅಂಬಲಿ ನಮ್ಮ ಮನೆಯಲ್ಲಿಯೇ ಇವೆ. ಬಿಸಿಲಿನಲ್ಲಿ ಬಹಳ ಬೆವರಿದರೆ, 1 ಲೀಟರು ಶುದ್ಧ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸಿ ಕುಡಿಯಿರಿ. ಚಮಚವನ್ನು ಗೋಪುರದಂತೆ ತುಂಬದೆ ಸಮಮಟ್ಟಕ್ಕೆ ಅಳೆಯಿರಿ. ರಕ್ತದೊತ್ತಡ ಇದ್ದವರು ಉಪ್ಪಿನ ವಿಷಯದಲ್ಲಿಯೂ, ಸಕ್ಕರೆ ಕಾಯಿಲೆಯವರು ಸಕ್ಕರೆಯ ವಿಷಯದಲ್ಲಿಯೂ ವೈದ್ಯರನ್ನು ಕೇಳಬೇಕು. ಹಸಿವಾದರೆ ಶೇಂಗಾ-ಬೆಲ್ಲ ಇಲ್ಲವೆ ಬಾಳೆಹಣ್ಣು ತಿನ್ನಿರಿ. ಇದು ಮೇವು.

ಎದೆ ನೋವು ಬಂದರೆ

ಕೆಲಸವನ್ನು ಅಲ್ಲಿಯೇ ನಿಲ್ಲಿಸಿ ಕುಳಿತುಕೊಳ್ಳಿರಿ. ನೋವು ತೋಳಿಗೆ ಅಥವಾ ದವಡೆಗೆ ಹಬ್ಬಿದರೆ, ತಣ್ಣನೆಯ ಬೆವರು ಬಂದರೆ, "ಗ್ಯಾಸು" ಎಂದು ಸೋಡಾ ಕುಡಿದು ಹೊತ್ತು ಕಳೆಯಬೇಡಿರಿ. 108ಕ್ಕೆ ಫೋನು ಮಾಡಿರಿ. ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಬೀದರಿಗೆ ಸುಮಾರು 40 ಕಿಲೋಮೀಟರು. ಆದ್ದರಿಂದ ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿರಿ. ಪುನೀತರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ರಾಜ್ಯದ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ಬೆಲೆಯುಳ್ಳ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡು ಆಗಿದೆ. ನಿಮಗೆ ಹತ್ತಿರದಲ್ಲಿ ಈ ಸೌಲಭ್ಯ ಎಲ್ಲಿದೆಯೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿ ಇಟ್ಟುಕೊಳ್ಳಿರಿ.

ಮನೆಯಲ್ಲಿಯೇ ಒಂದು ಪರೀಕ್ಷೆ

ಓಡುವ ಮಗನಿಗೆ ಇದನ್ನು ಹೇಳಿಕೊಡಿರಿ. ಮುಂಜಾನೆ ಎದ್ದೊಡನೆ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ನಾಡಿ ಎಣಿಸಿ ಇಮ್ಮಡಿಸಬೇಕು. ಆ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಬಾಟಲಿ ಬಿಟ್ಟು, ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ಎರಡು ಮೂರು ತಿಂಗಳು ಕ್ರಮವಾಗಿ ಓಡಿದರೆ ಆ ಸಂಖ್ಯೆ ಮೆಲ್ಲಗೆ ಇಳಿಯುವುದನ್ನು ಅವನೇ ಕಂಡಾನು. ಅದು ಅವನು ದುಡಿದು ಗಳಿಸಿದ ಬಲ, ಅಂಗಡಿಯಲ್ಲಿ ಕೊಂಡದ್ದಲ್ಲ.