ಹೈಬ್ರಿಡ್ ಕಾರಿನ ಚಾಲಕ ಸಹಾಯಕ ವ್ಯವಸ್ಥೆ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ನಂಜನಗೂಡು ಮತ್ತು ತಿ. ನರಸೀಪುರಗಳ ನಡುವಿನ ತಗಡೂರಿನಿಂದ ವ್ಯವಹಾರದ ನಿಮಿತ್ತ ಬೆಂಗಳೂರಿಗೆ ಹೊರಡುವ ವರ್ತಕರು ಮೂರು ಬಗೆಯ ರಸ್ತೆಗಳನ್ನು ದಾಟಬೇಕಾಗುತ್ತದೆ. ಮೊದಲನೆಯದು ನಂಜನಗೂಡಿನವರೆಗಿನ ಗ್ರಾಮಾಂತರ ರಸ್ತೆ. ಎರಡನೆಯದು ನಂಜನಗೂಡಿನಿಂದ ಕಡಕೊಳದ ಮೂಲಕ ಮೈಸೂರನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 766. ಮೂರನೆಯದು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ, ಜನರ ಬಾಯಲ್ಲಿ ‘ದಶಪಥ’ ಎಂದೇ ಹೆಸರಾದ 118 ಕಿ.ಮೀ. ಉದ್ದದ ಮೈಸೂರು–ಬೆಂಗಳೂರು ಹೆದ್ದಾರಿ. ಕಾರು ಒಂದೇ, ಚಾಲಕರೂ ಒಬ್ಬರೇ. ಆದರೆ ಕಾರಿನೊಳಗಿನ ಚಾಲಕ ಸಹಾಯಕ ವ್ಯವಸ್ಥೆಯ ನಡವಳಿಕೆ ಮೂರು ರಸ್ತೆಗಳಲ್ಲಿ ಮೂರು ವಿಧವಾಗಿರುತ್ತದೆ. ಲಕ್ಷಾಂತರ ರೂಪಾಯಿ ಹೆಚ್ಚು ತೆತ್ತು ಇಂತಹ ಕಾರನ್ನು ಕೊಂಡವರಲ್ಲಿ ಅನೇಕರು ಈ ಅಂತರವನ್ನು ಅರಿತಿರುವುದಿಲ್ಲ. ಮಾರಾಟ ಮಳಿಗೆಯಲ್ಲಿಯೂ ಇದನ್ನು ವಿವರಿಸಿ ಹೇಳುವವರು ವಿರಳ.

ಹೈಬ್ರಿಡ್ ಕಾರು ಕರ್ನಾಟಕಕ್ಕೆ ಹೊಸದೇನಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿಯೇ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಆರಂಭವಾಯಿತು. 2022ರಲ್ಲಿ ಅಲ್ಲಿಂದಲೇ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಹೊರಬಂದವು. ಅದೇ ವರ್ಷದ ಮೇ ತಿಂಗಳಲ್ಲಿ ಹೋಂಡಾ ಸಿಟಿಯ ಹೈಬ್ರಿಡ್ ಮಾದರಿಯೂ ಮಾರುಕಟ್ಟೆಗೆ ಬಂದಿತು. ಇವುಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು ಮತ್ತು ಬ್ಯಾಟರಿ ಇರುತ್ತವೆ. ನಿಧಾನಗತಿಯಲ್ಲಿ ಮೋಟಾರೊಂದೇ ಕಾರನ್ನು ಎಳೆಯಬಲ್ಲದು. ಬ್ರೇಕ್ ಒತ್ತಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದು ಪಾಲು ಮರಳಿ ಬ್ಯಾಟರಿಗೆ ಜಮೆಯಾಗುತ್ತದೆ. ಹೊರಗಿನಿಂದ ಚಾರ್ಜ್ ಮಾಡುವ ಅವಶ್ಯಕತೆ ಇಲ್ಲ. ಕೇವಲ ಎಂಜಿನ್ನಿಗೆ ಕೈಜೋಡಿಸುವ ಸಣ್ಣ ಮೋಟಾರಿನ ‘ಮೈಲ್ಡ್ ಹೈಬ್ರಿಡ್’ ಕಾರುಗಳನ್ನು ಇವುಗಳೊಡನೆ ಸಮೀಕರಿಸಬಾರದು.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ನಿವಾರಿಸಿಕೊಳ್ಳಬೇಕು. ಕಾರು ಹೈಬ್ರಿಡ್ ಆದ ಮಾತ್ರಕ್ಕೆ ಅದರಲ್ಲಿ ಚಾಲಕ ಸಹಾಯಕ ವ್ಯವಸ್ಥೆ ಇದ್ದೇ ಇರುತ್ತದೆಂದು ಭಾವಿಸಲಾಗದು. ಹಲವು ಕಂಪನಿಗಳು ಅದನ್ನು ಮೇಲ್ದರ್ಜೆಯ ಮಾದರಿಗೆ ಮಾತ್ರ ಜೋಡಿಸುತ್ತವೆ. ಸ್ವಯಂಚಾಲಿತ ಬ್ರೇಕ್ ಬೇಕೆಂದವರು ಚಾವಣಿಯ ಗಾಜಿಗೂ ಹಣ ತೆರಬೇಕಾಗುವುದು ಇದರಿಂದಲೇ!

ಹೆದ್ದಾರಿಯಲ್ಲಿ

ಈ ವ್ಯವಸ್ಥೆಯ ಕಣ್ಣುಗಳು ಎರಡು ಬಗೆಯವು. ಮುಂದಿನ ಗಾಜಿನ ಒಳಬದಿಯಲ್ಲಿ, ಹಿನ್ನೋಟದ ಕನ್ನಡಿಯ ಬಳಿ ಒಂದು ಕ್ಯಾಮೆರಾ ಇರುತ್ತದೆ. ಕೆಲವು ಕಾರುಗಳಲ್ಲಿ ಮುಂಭಾಗದ ಜಾಲರಿ ಅಥವಾ ಕಂಪನಿಯ ಲಾಂಛನದ ಹಿಂದೆ ರಾಡಾರ್ ಕೂಡ ಇರುತ್ತದೆ. ಹೈಕ್ರಾಸ್ ಈ ಎರಡನ್ನೂ ಬಳಸುತ್ತದೆ. ಹೋಂಡಾ ಸಿಟಿ ಕ್ಯಾಮೆರಾ ಒಂದನ್ನೇ ಅವಲಂಬಿಸಿದೆ. ಮುಂದಿನ ವಾಹನದಿಂದ ಅಂತರ ಕಾಯ್ದುಕೊಂಡು ವೇಗವನ್ನು ತಾನೇ ಹೊಂದಿಸುವ ಕ್ರೂಸ್ ಕಂಟ್ರೋಲ್, ಲೇನ್ ಬಿಟ್ಟು ಸರಿದಾಗ ಎಚ್ಚರಿಸಿ ಸ್ಟೀರಿಂಗನ್ನು ಮೆಲ್ಲನೆ ತಿದ್ದುವ ಸಾಧನ, ಡಿಕ್ಕಿಯ ಸಂಭವ ಕಂಡಾಗ ಬ್ರೇಕ್ ಹಾಕುವ ಸಾಧನ ಇವು ಮುಖ್ಯವಾದವು.

ದಶಪಥ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊರಿಕ್ಷಾ ಮತ್ತು ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಗಿದೆ. ಗೆರೆಗಳು ಸ್ಪಷ್ಟವಾಗಿವೆ, ಎದುರಿನಿಂದ ವಾಹನ ಬರುವ ಪ್ರಶ್ನೆ ಇಲ್ಲ. ಈ ಸಾಧನಗಳು ಹುಟ್ಟಿರುವುದೇ ಇಂತಹ ರಸ್ತೆಗಾಗಿ. ವೇಗವನ್ನು ಗಂಟೆಗೆ 100 ಕಿ.ಮೀ. ಮಿತಿಯೊಳಗೆ ನಿಗದಿಪಡಿಸಿ, ಅಂತರವನ್ನು ಅತಿ ಹೆಚ್ಚಿನದಕ್ಕೆ ಇಟ್ಟರೆ ಕಾಲಿಗೆ ದೊರೆಯುವ ವಿಶ್ರಾಂತಿ ಗಣನೀಯ. ಅಂತರ ಹೆಚ್ಚಿದ್ದಾಗ ಬೇರೆಯವರು ನಡುವೆ ನುಗ್ಗುತ್ತಾರೆ, ಕಾರು ಮತ್ತೆ ಮತ್ತೆ ಹಿಂಜರಿಯುತ್ತದೆ. ಆ ಕಿರಿಕಿರಿಯನ್ನು ಸಹಿಸಿಕೊಳ್ಳುವುದೇ ಲೇಸು.

ಆದರೆ ಇಲ್ಲಿಯೂ ಒಂದು ಅಪಾಯವಿದೆ. ಕೆಟ್ಟು ನಿಂತ ಲಾರಿ ರಸ್ತೆಯಲ್ಲಿ ಎದುರಾದಾಗ, ವಿಶೇಷವಾಗಿ ಹೆಚ್ಚಿನ ವೇಗದಲ್ಲಿ, ಈ ಸಾಧನಗಳು ಸಕಾಲದಲ್ಲಿ ಗುರುತಿಸುತ್ತವೆಂಬ ಭರವಸೆ ಇಲ್ಲ. ಚಲಿಸುವ ವಾಹನವನ್ನು ಹಿಂಬಾಲಿಸುವಷ್ಟು ಸಲೀಸಾಗಿ ನಿಶ್ಚಲ ವಸ್ತುವನ್ನು ಅವು ಅರ್ಥೈಸಲಾರವು. ಕಂಪನಿಗಳ ಕೈಪಿಡಿಗಳೇ ಇದನ್ನು ಸ್ಪಷ್ಟವಾಗಿ ಬರೆದಿರುತ್ತವೆ. ಜೋರು ಮಳೆ, ಮಂಜು, ಸೂರ್ಯ ಎದುರಿಗೇ ಇರುವ ಸಮಯ ಇವು ಕ್ಯಾಮೆರಾಕ್ಕೆ ಪ್ರತಿಕೂಲ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸ್ವಯಂಚಾಲನೆಗೆ ಸೊನ್ನೆಯಿಂದ ಐದರವರೆಗೆ ಹಂತಗಳಿದ್ದು, ಮೇಲಿನ ಕಾರುಗಳ ವ್ಯವಸ್ಥೆ ಎರಡನೆಯ ಹಂತವನ್ನು ಮೀರುವುದಿಲ್ಲ. ಆ ಹಂತದಲ್ಲಿ ವಾಹನ ಚಲಾಯಿಸುವವನು ಮನುಷ್ಯನೇ. ಯಂತ್ರ ಅವನ ಗುಮಾಸ್ತ. ಸ್ಟೀರಿಂಗ್ ಹಿಡಿದಿರುವರೇ ಎಂದು ಪರೀಕ್ಷಿಸುವ ಸಾಧನವನ್ನು ವಂಚಿಸಲು ಅದಕ್ಕೆ ನೀರಿನ ಬಾಟಲಿ ಕಟ್ಟುವವರೂ ಇದ್ದಾರೆ. ಗುಮಾಸ್ತನ ಕೈಗೆ ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟು ಮಲಗುವ ವರ್ತಕನಿಗೂ ಇವರಿಗೂ ವ್ಯತ್ಯಾಸವಿಲ್ಲ.

ಹಳ್ಳಿಯ ರಸ್ತೆಯಲ್ಲಿ

ತಗಡೂರಿನ ಕಡೆಯ ರಸ್ತೆಗೆ ಬಂದಾಗ ಪರಿಸ್ಥಿತಿ ಬದಲಾಗುತ್ತದೆ. ಗೆರೆ ಮಾಸಿದ ಅಥವಾ ಗೆರೆಯೇ ಇಲ್ಲದ ಕಡೆ ಲೇನ್ ಸಾಧನ ಸುಮ್ಮನಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಅದರ ಚಿಹ್ನೆ ಬಣ್ಣ ಬದಲಿಸುವುದನ್ನು ಚಾಲಕರು ಗಮನಿಸಲು ಕಲಿಯಬೇಕು. ಸದ್ದಿಲ್ಲದೆ ಕೆಲಸ ನಿಲ್ಲಿಸುವ ಸಹಾಯಕ, ಇಲ್ಲದ ಸಹಾಯಕನಿಗಿಂತ ಅಪಾಯಕಾರಿ.

ಕಬ್ಬು ಅರೆಯುವ ಕಾಲದಲ್ಲಿ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳನ್ನು ಗಮನಿಸಬಹುದು. ಟ್ರೈಲರಿನ ಅಂಚು ಮೀರಿ ಚಾಚಿಕೊಂಡ ಕಬ್ಬಿನ ಜಲ್ಲೆಗಳು, ಹಿಂದೆ ಉರಿಯದ ದೀಪ, ರಾತ್ರಿಯ ಕತ್ತಲು. ಕಾರು, ಲಾರಿಗಳ ಹಿಂಬದಿಯ ಆಕಾರವನ್ನು ಗುರುತಿಸಲು ಕಲಿತ ಕ್ಯಾಮೆರಾಕ್ಕೆ ಇದು ಯಾವ ವಾಹನವೆಂಬುದೇ ತೋಚದಿರಬಹುದು. ಎತ್ತಿನ ಗಾಡಿ, ದನಗಳ ಹಿಂಡು, ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿಯ ಒಕ್ಕಣೆ, ಅದರ ಸುತ್ತ ಇಟ್ಟ ಕಲ್ಲುಗಳು, ಇವುಗಳ ವಿಷಯದಲ್ಲಿಯೂ ಯಂತ್ರವನ್ನು ನಂಬಿ ಕೂರಲಾಗದು. ಇದಕ್ಕೆ ತದ್ವಿರುದ್ಧವಾಗಿ, ಪಕ್ಕದಲ್ಲಿ ಹಾದುಹೋಗುವ ಬೈಕನ್ನು ಕಂಡು ಅನಗತ್ಯವಾಗಿ ಬ್ರೇಕ್ ಹಾಕುವ ಪ್ರಸಂಗವೂ ಉಂಟಾಗಬಹುದು. ಆಗ ಹಿಂದೆ ಒತ್ತಿಕೊಂಡು ಬರುತ್ತಿರುವ ಬಸ್ಸಿನವರಿಗೆ ಇದರ ಕಲ್ಪನೆ ಇರುವುದಿಲ್ಲ. ಆದ್ದರಿಂದ ಇಕ್ಕಟ್ಟಾದ ರಸ್ತೆಗಳಲ್ಲಿ ಕ್ರೂಸ್ ಕಂಟ್ರೋಲ್ ಮತ್ತು ಲೇನ್ ಸಾಧನಗಳನ್ನು ಬಳಸದಿರುವುದೇ ಸರಿಯಾದ ಕ್ರಮ. ಡಿಕ್ಕಿ ತಡೆಯುವ ಬ್ರೇಕ್ ಸಾಧನವನ್ನು ಮಾತ್ರ ಆರಿಸಬಾರದು. ಅದರ ಎಚ್ಚರಿಕೆಯ ಸೂಕ್ಷ್ಮತೆಯನ್ನು ತಗ್ಗಿಸುವ ಅವಕಾಶವಿದ್ದರೆ ಬಳಸಿಕೊಳ್ಳಬಹುದು.

2023ರ ಮೇ 29ರಂದು ತಿ. ನರಸೀಪುರ ಬಳಿಯ ಕುರುಬೂರಿನಲ್ಲಿ ಕಾರು ಮತ್ತು ಖಾಸಗಿ ಬಸ್ಸಿನ ನಡುವೆ ಸಂಭವಿಸಿದ ಅಪಘಾತದಲ್ಲಿ ಹತ್ತು ಮಂದಿ ಮೃತಪಟ್ಟುದನ್ನು ಈ ಭಾಗದ ಜನ ಮರೆತಿಲ್ಲ. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎರಡು ವಾಹನಗಳು ಪರಸ್ಪರ ಎದುರಾಗಿ ಬರುವಾಗ ಅವುಗಳ ವೇಗಗಳು ಕೂಡಿಕೊಳ್ಳುತ್ತವೆ. ತಲಾ 70 ಕಿ.ಮೀ. ವೇಗದ ಎರಡು ವಾಹನಗಳು ಸೆಕೆಂಡಿಗೆ ಸುಮಾರು 39 ಮೀಟರಿನಂತೆ ಹತ್ತಿರವಾಗುತ್ತವೆ. ಅಲ್ಲಿ ಯಾವ ಸ್ವಯಂಚಾಲಿತ ಬ್ರೇಕಿಗೂ ಉಳಿಯುವ ಕಾಲಾವಕಾಶ ಅತ್ಯಲ್ಪ. ತಿರುವಿನಲ್ಲಿ ಹಿಂದಿಕ್ಕದಿರುವ ನಿರ್ಧಾರವನ್ನು ಚಾಲಕರೇ ಕೈಗೊಳ್ಳಬೇಕು.

ಹೈಬ್ರಿಡ್ ಕಾರಿನ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಮೋಟಾರಿನಿಂದ ಮಾತ್ರ ಚಲಿಸುವಾಗ ಅದಕ್ಕೆ ಎಂಜಿನ್ನಿನ ಸದ್ದಿಲ್ಲ. ಊರೊಳಗಿನ ಬೀದಿಯಲ್ಲಿ ವೃದ್ಧರಿಗೆ, ಮಕ್ಕಳಿಗೆ ಹಿಂದಿನಿಂದ ಕಾರು ಬಂದದ್ದೇ ತಿಳಿಯುವುದಿಲ್ಲ. ಅಂತಹ ಕಡೆ ನಡಿಗೆಯ ವೇಗವೇ ಸಾಕು.

ಅರಿಶಿನ, ಕುಂಕುಮ ಮತ್ತು ರಾಡಾರ್

ಆಯುಧಪೂಜೆಯಂದು ಕಾರಿನ ಮುಂಭಾಗಕ್ಕೆ ಹೂವಿನ ಹಾರ, ಬಾಳೆಕಂದು, ಲಾಂಛನದ ಮೇಲೆ ಗಂಧ, ಕುಂಕುಮ. ವರ್ಷವಿಡೀ ಜಾಲರಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ. ಭಕ್ತಿಗೆ ಯಾರ ಆಕ್ಷೇಪವೂ ಇರಲಾರದು. ಆದರೆ ಅನೇಕ ಕಾರುಗಳಲ್ಲಿ ರಾಡಾರ್ ಇರುವುದು ಆ ಲಾಂಛನದ ಹಿಂದೆಯೇ. ಅದರ ಮೇಲೆ ಯಾವುದೇ ಲೇಪ, ಸ್ಟಿಕ್ಕರ್ ಅಥವಾ ತೂಗುವ ವಸ್ತು ಇದ್ದರೆ ವ್ಯವಸ್ಥೆ ಸ್ಥಗಿತಗೊಳ್ಳಬಹುದು ಅಥವಾ ತಪ್ಪಾಗಿ ವರ್ತಿಸಬಹುದು. ಪೂಜೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಹಾರ ತೆಗೆದು ನಂತರ ಹೆದ್ದಾರಿಗೆ ಇಳಿಯಬೇಕು. ಕುಂಕುಮವನ್ನು ಬಾನೆಟ್ಟಿನ ಮೇಲೆ ಇಟ್ಟರೂ ನಡೆಯುತ್ತದೆ. ಗಾಜಿನ ಮೇಲಿನ ದೇವರ ಚಿತ್ರ ಕ್ಯಾಮೆರಾದ ಎದುರು ಬರದಂತೆ ನೋಡಿಕೊಳ್ಳಬೇಕು. ಬಂಪರಿಗೆ ಕಬ್ಬಿಣದ ಗಾರ್ಡ್ ಹಾಕಿಸುವುದನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ಕಾನೂನುಬಾಹಿರವೆಂದು ಸ್ಪಷ್ಟಪಡಿಸಿದೆ.

ಬಟ್ಟೆ, ರೇಷ್ಮೆ, ಕಿರಾಣಿ ವರ್ತಕರು ಸರಕಿನ ಗಂಟುಗಳನ್ನು ಹಿಂದಿನ ಆಸನದಲ್ಲಿ ತುಂಬುವುದುಂಟು. ಕೆಲವು ಮಾದರಿಗಳಲ್ಲಿ ಹೈಬ್ರಿಡ್ ಬ್ಯಾಟರಿಯನ್ನು ತಂಪಾಗಿಡುವ ಗಾಳಿಕಿಂಡಿ ಆ ಆಸನದ ಬಳಿಯೇ ಇದ್ದು, ಅದು ಮುಚ್ಚಿದರೆ ಬ್ಯಾಟರಿ ಬಿಸಿಯೇರುತ್ತದೆ. ಟೊಯೊಟಾ ಈ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಖಾತರಿ ನೀಡಿದೆ. ಖಾತರಿಯ ಷರತ್ತುಗಳನ್ನು ಓದದೆ ಕಿಂಡಿಯ ಮೇಲೆ ಮೂಟೆ ಹೇರುವುದು ಸಲ್ಲದು.

ಕಾರಿನ ದಾಖಲೆ, ಅಂಗಡಿಯ ಲೆಕ್ಕ

ವರ್ತಕರಿಗೆ ಹೆಚ್ಚು ಪ್ರಯೋಜನಕಾರಿಯಾದರೂ ಕಡೆಗಣಿತವಾಗಿರುವ ಭಾಗವೆಂದರೆ ಕಾರಿನ ನಿಗಾ ವ್ಯವಸ್ಥೆ. ಶಕ್ತಿ ಎಂಜಿನ್ನಿನಿಂದ ಬರುತ್ತಿದೆಯೇ, ಬ್ಯಾಟರಿಯಿಂದಲೇ, ಮರಳಿ ಜಮೆಯಾಗುತ್ತಿದೆಯೇ ಎಂಬುದನ್ನು ಪರದೆ ತೋರಿಸುತ್ತದೆ. ಪ್ರತಿ ಪ್ರಯಾಣದ ದೂರ ಮತ್ತು ಇಂಧನ ಬಳಕೆಯೂ ದಾಖಲಾಗುತ್ತದೆ. ಪರದೆಯ ಮೈಲೇಜನ್ನು ಕಣ್ಣುಮುಚ್ಚಿ ಒಪ್ಪಬಾರದು. ಮೂರು ಬಾರಿ ಟ್ಯಾಂಕ್ ಪೂರ್ತಿ ತುಂಬಿಸಿ, ಬಂಕಿನ ಬಿಲ್ಲಿನ ಲೀಟರು ಮತ್ತು ಓಡಿದ ಕಿಲೋಮೀಟರುಗಳಿಂದ ತಾಳೆ ನೋಡಬೇಕು. ಹೈರೈಡರ್ ಹೈಬ್ರಿಡ್‌ಗೆ 2022ರಲ್ಲಿ ಪ್ರಕಟಿಸಿದ 27.97 ಕಿ.ಮೀ. ಎಂಬ ಅಂಕಿ ಪ್ರಯೋಗಾಲಯದ್ದು. ಮೈಸೂರು ನಗರದ ನಿಂತು ಹೊರಡುವ ಸಂಚಾರದಲ್ಲಿ ಹೈಬ್ರಿಡ್‌ನ ಉಳಿತಾಯ ಹೆಚ್ಚು. ದಶಪಥದಲ್ಲಿ ಏಕಪ್ರಕಾರವಾಗಿ 100ರ ವೇಗದಲ್ಲಿ ಓಡಿಸಿದರೆ ಆ ಲಾಭ ಕುಗ್ಗುತ್ತದೆ.

ಉದಾಹರಣೆಗೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು. ಹೈಬ್ರಿಡ್‌ಗೆ ಹೆಚ್ಚುವರಿ ಬೆಲೆ ರೂ. 3 ಲಕ್ಷ, ಪೆಟ್ರೋಲ್ ಲೀಟರಿಗೆ ರೂ. 100, ಸಾಮಾನ್ಯ ಕಾರಿನ ಮೈಲೇಜ್ 13, ಹೈಬ್ರಿಡ್‌ನದು 20 ಎಂದಿಟ್ಟುಕೊಂಡರೆ, ವರ್ಷಕ್ಕೆ 24,000 ಕಿ.ಮೀ. ಓಡಿಸುವವರಿಗೆ ಸುಮಾರು 646 ಲೀಟರ್, ಅಂದರೆ ರೂ. 64,600 ಉಳಿಯುತ್ತದೆ. ಹೆಚ್ಚುವರಿ ಬೆಲೆ ನಾಲ್ಕೂವರೆ ವರ್ಷ ದಾಟುತ್ತಿದ್ದಂತೆ ಮರಳುತ್ತದೆ. ವರ್ಷಕ್ಕೆ 10,000 ಕಿ.ಮೀ. ಮಾತ್ರ ಓಡಿಸುವವರಿಗೆ ಉಳಿಯುವುದು ರೂ. 26,900. ಅವರಿಗೆ ಹನ್ನೊಂದು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಬ್ಯಾಟರಿಯ ಖಾತರಿಯೇ ಮುಗಿದಿರುತ್ತದೆ. ತಮ್ಮ ಕಾರಿನ ದಾಖಲೆಯಿಂದ ನೈಜ ಅಂಕಿಗಳನ್ನು ತೆಗೆದು ಈ ಲೆಕ್ಕವನ್ನು ಪ್ರತಿಯೊಬ್ಬರೂ ಮಾಡಿಕೊಳ್ಳಬೇಕು.

ಆದಾಯ ತೆರಿಗೆಯಲ್ಲಿ ಕಾರಿನ ವೆಚ್ಚ ಹಾಗೂ ಸವಕಳಿ ದೊರೆಯುವುದು ವ್ಯವಹಾರಕ್ಕೆ ಬಳಸಿದ ಪಾಲಿಗೆ ಮಾತ್ರ. ಮದುವೆ, ಜಾತ್ರೆಗಳ ಓಡಾಟವನ್ನು ಪ್ರತ್ಯೇಕಿಸುವ ದಾಖಲೆ ಇಲ್ಲದಿದ್ದರೆ ಅಧಿಕಾರಿಗಳು ಅಂದಾಜಿನ ಮೇಲೆ ಒಂದು ಭಾಗವನ್ನು ತಳ್ಳಿಹಾಕುತ್ತಾರೆ. ಕಾರಿನ ಪ್ರಯಾಣ ವಿವರ, ಫಾಸ್ಟ್ಯಾಗ್ ಹೇಳಿಕೆ, ಬಂಕಿನ ಬಿಲ್ಲು ಈ ಮೂರೂ ಒಂದಕ್ಕೊಂದು ಹೊಂದಿದರೆ ವಾದಕ್ಕೆ ಆಸ್ಪದವಿರುವುದಿಲ್ಲ. ತಿಂಗಳಿಗೊಮ್ಮೆ ಮುದ್ರಿಸಿ ವೋಚರುಗಳೊಡನೆ ಇಡುವುದು ಉಚಿತ. ಜಿ.ಎಸ್.ಟಿ.ಯ ವಿಷಯದಲ್ಲಿ ಆಸೆಗೆ ಎಡೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರಿದ ಹೈಬ್ರಿಡ್ ಕಾರುಗಳಿಗೆ ಶೇ. 40ರ ದರ ಅನ್ವಯವಾಗಿದೆ. ಚಾಲಕರೂ ಸೇರಿ 13 ಆಸನದವರೆಗಿನ ಪ್ರಯಾಣಿಕ ಕಾರಿಗೆ, ಕಾರು ಮಾರಾಟ, ಪ್ರಯಾಣಿಕರ ಸಾಗಣೆ ಅಥವಾ ಚಾಲನಾ ತರಬೇತಿಯ ವ್ಯವಹಾರದವರನ್ನು ಬಿಟ್ಟು ಉಳಿದವರಿಗೆ, ಕೇಂದ್ರ ಅಧಿನಿಯಮದ 17(5)ನೆಯ ಕಲಮಿನನ್ವಯ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅದರ ವಿಮೆ ಮತ್ತು ದುರಸ್ತಿಯ ತೆರಿಗೆಗೂ ಇದೇ ನಿರ್ಬಂಧ.

ಸಂಬಳದ ಚಾಲಕರಿದ್ದಲ್ಲಿ ಮೊಬೈಲಿನ ಮೂಲಕ ಕಾರಿನ ಸ್ಥಳ, ವೇಗ, ಹಠಾತ್ ಬ್ರೇಕುಗಳನ್ನು ಮಾಲೀಕರು ತಿಳಿಯಬಹುದು. ಇದನ್ನು ಚಾಲಕರಿಗೆ ಮುಂಚಿತವಾಗಿ ತಿಳಿಸಿ, ನೇಮಕಾತಿ ಪತ್ರದಲ್ಲಿಯೂ ನಮೂದಿಸಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಅಧಿನಿಯಮದ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲ್ಪಟ್ಟಿವೆ. ಕಾನೂನಿಗಿಂತ ಮೊದಲು ವಿವೇಕದ ಪ್ರಶ್ನೆಯೂ ಇದೆ. ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನಿಂದ ಹಿಂದಿರುಗಿದ ಚಾಲಕರನ್ನು ಬೆಳಗಿನ ಐದಕ್ಕೆ ಮತ್ತೆ ಹೊರಡಿಸಿ, ಲೇನ್ ತಪ್ಪಿದ ಎಚ್ಚರಿಕೆ ಎಷ್ಟು ಬಾರಿ ಬಂದಿತೆಂದು ವಿಚಾರಿಸುವುದು ನ್ಯಾಯವಲ್ಲ. ಆ ಎಚ್ಚರಿಕೆಗಳ ಸಂಖ್ಯೆ ಮಾಲೀಕರು ಹಾಕಿದ ವೇಳಾಪಟ್ಟಿಯ ಮೇಲಿನ ಷರಾ.

ಇದೇ ದಾಖಲೆ ಮಾಲೀಕರ ವಿರುದ್ಧವೂ ಸಾಕ್ಷಿ ನುಡಿಯಬಲ್ಲದು. ಅನೇಕ ಕಾರುಗಳಲ್ಲಿ ಅಪಘಾತದ ಹಿಂದಿನ ಕ್ಷಣಗಳ ವೇಗ, ಬ್ರೇಕ್ ಒತ್ತಿದ ವಿವರಗಳು ಯಂತ್ರದಲ್ಲಿ ಉಳಿಯುತ್ತವೆ. ‘ಕಾರು ತಾನಾಗಿಯೇ ನಿಲ್ಲಬೇಕಿತ್ತು’ ಎಂಬ ಸಮಜಾಯಿಷಿ ಚಾಲಕರನ್ನು ಹೊಣೆಯಿಂದ ಪಾರುಮಾಡದು.

ಕೊನೆಯದಾಗಿ ಗಾಜಿನ ವಿಷಯ. ಲಾರಿಯಿಂದ ಸಿಡಿದ ಜಲ್ಲಿಕಲ್ಲಿಗೆ ಮುಂದಿನ ಗಾಜು ಬಿರುಕು ಬಿಡುವುದು ಈ ಭಾಗದಲ್ಲಿ ಸಾಮಾನ್ಯ. ಮೊದಲು ಯಾವುದೇ ಗಾಜಿನಂಗಡಿಯಲ್ಲಿ ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಕೆಲಸವಿದು. ಕ್ಯಾಮೆರಾ ಇರುವ ಕಾರಿನಲ್ಲಿ ಗಾಜು ಬದಲಿಸಿದ ಮೇಲೆ ಕ್ಯಾಮೆರಾದ ದೃಷ್ಟಿಯನ್ನು ಉಪಕರಣದಿಂದ ಮತ್ತೆ ಸರಿಹೊಂದಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಐವತ್ತು ಮೀಟರ್ ಮುಂದೆ ಅದು ಪಕ್ಕದ ಪಥವನ್ನು ನೋಡುತ್ತಿರಬಹುದು. ಬಂಪರ್ ಬಿಚ್ಚಿ ಜೋಡಿಸಿದಾಗ ರಾಡಾರಿಗೂ ಈ ಪರೀಕ್ಷೆ ಅಗತ್ಯ. ವಿಮೆ ನವೀಕರಿಸುವ ಮುನ್ನ ಈ ವೆಚ್ಚ ಪಾಲಿಸಿಯಲ್ಲಿ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ ಪಡೆಯಬೇಕು. ದುರಸ್ತಿಯ ನಂತರ ಬಿಲ್ಲಿನ ಜೊತೆಗೆ ಸರಿಹೊಂದಿಸಿದ ವರದಿಯ ಪ್ರತಿಯನ್ನೂ ಕೇಳಿ ಪಡೆದು, ವಿಮೆಯ ಕಡತದಲ್ಲಿ ಸೇರಿಸಿಡಬೇಕು.