ಡಿ.ವಿ.ಡಿ. ತಟ್ಟೆಯನ್ನು ಸೂಚೀಪುಟದ ಸಹಿತವಾಗಿ ಕಾಪಾಡುವ ಕ್ರಮ

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮನೆಗಳಲ್ಲಿ ಮದುವೆಯದೋ, ನಾಮಕರಣದ್ದೋ, ದೀಕ್ಷಾಸ್ನಾನದ್ದೋ ಒಂದು ಡಿ.ವಿ.ಡಿ. ತಟ್ಟೆಯಾದರೂ ಇಲ್ಲದಿರಲಾರದು. ಅದನ್ನು ಆಡಿಸುವ ಯಂತ್ರವು ಕೆಟ್ಟು ಮೂಲೆ ಸೇರಿರಬಹುದು. ಈಗಿನ ಗಣಕಯಂತ್ರಗಳಲ್ಲಿಯಾದರೋ ತಟ್ಟೆಯನ್ನು ಇಡುವ ಬಾಯಿಯೇ ಬಹುಮಟ್ಟಿಗೆ ಇಲ್ಲ. ಆದಕಾರಣ ತಟ್ಟೆಯಲ್ಲಿರುವುದನ್ನು ಬೇರೆಡೆಗೆ ತೆಗೆದಿಡಬೇಕೆಂಬ ಯೋಚನೆ ಅನೇಕರಿಗೆ ಬಂದಿದೆ. ಈ ಕೆಲಸವನ್ನು ಹೇಗೆ ಮಾಡಬಾರದೆಂಬುದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವಾದ್ದರಿಂದ, ಹೇಗೆ ಮಾಡಬೇಕೆಂಬುದನ್ನು ಇಲ್ಲಿ ಪಾಠರೂಪವಾಗಿ ಬರೆಯುತ್ತೇವೆ.

ನಮ್ಮ ಶಾಲೆಯ 2011ನೇ ವರ್ಷದ ಹಬ್ಬದ ತಟ್ಟೆಯನ್ನು ಹಲವರು ಕೊಂಡುಕೊಂಡದ್ದು ನೆನಪಿರಬಹುದು. ಅದನ್ನು ಯಂತ್ರಕ್ಕೆ ಹಾಕಿದೊಡನೆ ಶಾಲೆಯ ಮುಂಬಾಗಿಲಿನ ಚಿತ್ರವೂ ಅದರ ಮೇಲೆ ನಾಲ್ಕು ಗುಂಡಿಗಳೂ ಕಾಣುತ್ತಿದ್ದವು. ಮೊದಲನೆಯದನ್ನು ಒತ್ತಿದರೆ ಎರಡು ತಾಸಿನ ಸಭೆಯೂ ಮನರಂಜನೆಯೂ; ಎರಡನೆಯದರಲ್ಲಿ ಹಳೆಯ ಭಾವಚಿತ್ರಗಳು, ಒಂದೊಂದರ ಕೆಳಗೂ ಹೆಸರುಗಳು; ಮೂರನೆಯದರಲ್ಲಿ ಗಾಯನ ತಂಡದ ಅಭ್ಯಾಸ; ನಾಲ್ಕನೆಯದರಲ್ಲಿ ಬೋರ್ಡಿಂಗಿನ ಹಿಂದಿನ ಮೇಟ್ರನಮ್ಮನವರು ಬೆತ್ತದ ಕುರ್ಚಿಯಲ್ಲಿ ಕುಳಿತು ತಮ್ಮ ಕಾಲದ ಸಂಗತಿಗಳನ್ನು ಹೇಳಿದ 11 ನಿಮಿಷ. ಕೆಲವು ವರ್ಷಗಳ ಮೇಲೆ ಈ ತಟ್ಟೆಯನ್ನು ಕಚೇರಿಯ ಗಣಕಯಂತ್ರಕ್ಕೆ ಇಳಿಸುವ ಮಾತು ಬಂದಾಗ ನಾವು ಒಪ್ಪಿದೆವು. ಒಂದೇ ಕಡತ, ಗಾತ್ರವೂ ಚಿಕ್ಕದು. ಪ್ರಾರ್ಥನಾ ಗೀತೆಯಿಂದ ಅದು ಸರಿಯಾಗಿ ಆರಂಭವಾದುದನ್ನು ನೋಡಿ ತೃಪ್ತಿಪಟ್ಟು, ಮೂಲ ತಟ್ಟೆಯನ್ನು ಬೀರುವಿನೊಳಗೆ ಇಟ್ಟು ಮರೆತೆವು.

ಕಳೆದ ವರ್ಷ ಆರನೆಯ ವಯಸ್ಸಿನಿಂದ ನಮ್ಮ ಬೋರ್ಡಿಂಗಿನಲ್ಲಿಯೇ ಬೆಳೆದ ಒಬ್ಬ ಹಳೆಯ ವಿದ್ಯಾರ್ಥಿನಿ ಪರದೇಶದಿಂದ ನಮಗೆ ಬರೆದಳು. ಮೇಟ್ರನಮ್ಮನವರು ತೀರಿಹೋದ ಸುದ್ದಿ ಅವಳಿಗೆ ತಡವಾಗಿ ಮುಟ್ಟಿತ್ತು. ಅವರ ಸ್ವರವನ್ನು ಒಮ್ಮೆ ಕೇಳಬೇಕೆಂಬುದೇ ಅವಳ ಬೇಡಿಕೆ. ನಾವು ಕೂಡಲೇ ಕಡತವನ್ನು ತೆರೆದೆವು. ಮುಖ್ಯ ಅತಿಥಿಗಳ ಭಾಷಣ ಒಂದಕ್ಷರವೂ ತಪ್ಪದೆ ಇತ್ತು. ಮೇಟ್ರನಮ್ಮನವರು ಇರಲಿಲ್ಲ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ತಟ್ಟೆಯ ಒಳಗಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ತಟ್ಟೆಯನ್ನು ಗಣಕಯಂತ್ರದಲ್ಲಿ ತೆರೆದರೆ ವಿಡಿಯೋ-ಟಿ.ಎಸ್. ಎಂಬ ಒಂದು ಕೋಶ ಕಾಣುವುದು. ಅದರೊಳಗೆ ಮೂರು ಬಗೆಯ ಕಡತಗಳುಂಟು. ವಿ.ಓ.ಬಿ. ಎಂದು ಕೊನೆಗೊಳ್ಳುವವುಗಳಲ್ಲಿ ಚಿತ್ರವೂ ಧ್ವನಿಯೂ ಇವೆ. ಒಂದೊಂದೂ 1 ಗಿಗಾಬೈಟನ್ನು ಮೀರದಂತೆ ತುಂಡು ಮಾಡಿರುವುದರಿಂದ ಎರಡು ತಾಸಿನ ಚಿತ್ರವು ಹಲವು ಕಡತಗಳಲ್ಲಿ ಹರಡಿಕೊಂಡಿರುತ್ತದೆ. ಐ.ಎಫ್.ಓ. ಎಂಬ ಸಣ್ಣ ಕಡತಗಳಲ್ಲಿ ಚಿತ್ರವೇನೂ ಇಲ್ಲ. ಯಾವುದರ ತರುವಾಯ ಯಾವುದು ಬರಬೇಕು, ಯಾವ ಭಾಗವು ತಟ್ಟೆಯಲ್ಲಿ ಎಲ್ಲಿ ಆರಂಭವಾಗುತ್ತದೆ ಎಂಬ ಲೆಕ್ಕ ಮಾತ್ರ ಅಲ್ಲಿದೆ. 2,048 ಬೈಟುಗಳಿಗೆ ಒಂದು ಖಂಡದಂತೆ ಎಣಿಸಿ, ಇಂತಿಷ್ಟನೆಯ ಖಂಡವೆಂದು ಅದರಲ್ಲಿ ಬರೆದಿರುತ್ತಾರೆ. ಬಿ.ಯು.ಪಿ. ಎಂಬುದು ಐ.ಎಫ್.ಓ.ದ ಯಥಾಪ್ರತಿ. ಒಂದೇ ಗೀರು ಎರಡನ್ನೂ ಹಾಳುಮಾಡಬಾರದೆಂದು ಅದನ್ನು ದೂರದಲ್ಲಿ ಇಟ್ಟಿರುತ್ತಾರೆ. ಈ ಏರ್ಪಾಡು ಮಾಡಿದವರ ಮುಂದಾಲೋಚನೆಯನ್ನು ನಾವು ಮೆಚ್ಚುತ್ತೇವೆ; ಅದರ ಬೆಲೆ ಮುಂದೆ ತಿಳಿಯುವುದು.

ಸೂಚೀಪುಟ, ಅಂದರೆ ಮೆನು, ಬರಿಯ ಚಿತ್ರವಲ್ಲ. ಗುಂಡಿಗಳ ಗುರುತೂ ಅವುಗಳನ್ನು ಒತ್ತಿದರೆ ನಡೆಯಬೇಕಾದ ಆಜ್ಞೆಯೂ ಆ ಚಿತ್ರದ ಪ್ರವಾಹದೊಳಗೇ ಹೆಣೆದಿವೆ. ಆಜ್ಞೆಯು ತೋರಿಸುವ ಸ್ಥಳ ಮಾತ್ರ ಐ.ಎಫ್.ಓ.ದ ಲೆಕ್ಕದಲ್ಲಿದೆ. ಆದುದರಿಂದ ಮುಖ್ಯ ಚಿತ್ರವನ್ನು ಹೊಸದಾಗಿ ಸಂಕೇತಿಸಿ ಚಿಕ್ಕದು ಮಾಡಿದರೆ, ಅದರ ಹಿಂದಿರುವುದೆಲ್ಲವೂ ತನ್ನ ಸ್ಥಳದಿಂದ ಜರುಗುತ್ತದೆ. ಪುಸ್ತಕದ ಪುಟಗಳನ್ನು ಕಡಿಮೆ ಮಾಡಿ ಮುಂದಿನ ವಿಷಯಾನುಕ್ರಮಣಿಕೆಯನ್ನು ತಿದ್ದದೆ ಬಿಟ್ಟ ಹಾಗೆ. ಇದನ್ನು ತಿದ್ದುವ ಶ್ರಮ ಬೇಡವೆಂದು ಅನೇಕ ಸಾಧನಗಳು ಅನುಕ್ರಮಣಿಕೆಯನ್ನೇ ಹರಿದುಹಾಕುತ್ತವೆ. ಹ್ಯಾಂಡ್‌ಬ್ರೇಕ್ ಎಂಬುದು ಒಂದು ಶೀರ್ಷಿಕೆಯನ್ನು ಆರಿಸಿಕೊಂಡು ಒಂದು ಕಡತ ಮಾಡುತ್ತದೆ, ಮೇಕ್-ಎಂ.ಕೆ.ವಿ.ಯಿಂದ ಮಾಡಿದ ಎಂ.ಕೆ.ವಿ. ಕಡತದಲ್ಲಿ ಚಿತ್ರವು ಕುಂದದೆ ಬರುವುದಾದರೂ ಸೂಚೀಪುಟ ಬರುವುದಿಲ್ಲ. ಇವು ಕೆಟ್ಟ ಸಾಧನಗಳಲ್ಲ. ಎಲ್ಲಕ್ಕಿಂತ ಉದ್ದವಾದ ಶೀರ್ಷಿಕೆಯನ್ನು ಮಾತ್ರ ಆರಿಸಿ ಉಳಿದುದನ್ನು ಕೇಳದೆ ಬಿಟ್ಟವರು ನಾವೇ.

ಹಾಗಾದರೆ ಮೊದಲು ಮಾಡತಕ್ಕದ್ದೇನು? ಏನನ್ನೂ ಚಿಕ್ಕದು ಮಾಡದೆ, ಏನನ್ನೂ ಆರಿಸದೆ, ತಟ್ಟೆಯನ್ನು ಇಡಿಯಾಗಿ ಐ.ಎಸ್.ಓ. ಎಂಬ ಪ್ರತಿಬಿಂಬವಾಗಿ ಇಳಿಸಿಕೊಳ್ಳುವುದು. ಇಮ್ಗ್‌ಬರ್ನ್ ಎಂಬ ಸಾಧನವು ಇದನ್ನು ಮಾಡುತ್ತದೆ. ಈ ಪ್ರತಿಬಿಂಬವನ್ನು ವಿ.ಎಲ್.ಸಿ.ಯಲ್ಲಿ ತೆರೆದರೆ ಸೂಚೀಪುಟವೂ ಗುಂಡಿಗಳೂ ತಟ್ಟೆಯಲ್ಲಿದ್ದಂತೆಯೇ ಕೆಲಸಮಾಡುತ್ತವೆ. ಎರಡು ಪದರಗಳ ತಟ್ಟೆ ತುಂಬಿದರೂ 8.5 ಗಿಗಾಬೈಟು, 64 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ಅಂಥವು ಏಳು ಹಿಡಿಯುವವು. ಆದರೆ ಪೆನ್‌ಡ್ರೈವೂ ನಶ್ವರವೇ ಆದ್ದರಿಂದ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿಗಳಿರಲಿ. ಅನಂತರ ಪ್ರತಿಯೊಂದು ಗುಂಡಿಯನ್ನೂ ಒತ್ತಿ ಕಡೆಯ ತನಕ ನೋಡತಕ್ಕದ್ದು. ಪ್ರಾರ್ಥನಾ ಗೀತೆಯನ್ನು ಕೇಳಿ ಎದ್ದುಹೋಗಬಾರದು.

ಸ್ಥಳ ಇಷ್ಟು ಅಗ್ಗವಾಗಿರುವಾಗ ಚಿಕ್ಕದು ಮಾಡುವುದೇತಕ್ಕೆಂದು ಕೇಳಬಹುದು. ಹಳೆಯ ಯಂತ್ರವನ್ನೇ ಇಟ್ಟುಕೊಂಡಿರುವ ಅಜ್ಜಿಯರು ಅನೇಕರಿದ್ದಾರೆ. ಅವರಿಗೆ ಬೇಕಾದದ್ದು ತಟ್ಟೆಯೇ. ಸುಲಭವಾಗಿ ಸಿಗುವ ಒಂದು ಪದರದ ತಟ್ಟೆಯಲ್ಲಿ 4.7 ಗಿಗಾಬೈಟು ಮಾತ್ರ ಹಿಡಿಯುತ್ತದೆ. ಗಣಕಯಂತ್ರವು ಬೇರೆ ಅಳತೆಯಿಂದ ಎಣಿಸಿ ಇದನ್ನೇ ಸುಮಾರು 4.37 ಎಂದು ತೋರಿಸಿದರೆ ಗಾಬರಿಪಡಬೇಕಾದ್ದಿಲ್ಲ.

ನಮ್ಮ ತಟ್ಟೆಯ ಲೆಕ್ಕವನ್ನೇ ನೋಡೋಣ. ಎರಡು ತಾಸೆಂದರೆ 7,200 ಸೆಕೆಂಡು. ಸೆಕೆಂಡಿಗೆ 8 ಮೆಗಾಬಿಟ್ಟಿನಂತೆ 57,600 ಮೆಗಾಬಿಟ್ಟು, ಅಂದರೆ 7.2 ಗಿಗಾಬೈಟು. ಸೂಚೀಪುಟವೂ ಉಳಿದ ಮೂರು ಭಾಗಗಳೂ ಸೇರಿ 0.9. ಒಟ್ಟು 8.1. ಇದನ್ನು 4.5ಕ್ಕೆ ತರಬೇಕು. ಎಲ್ಲವನ್ನೂ ಸಮನಾಗಿ ಹಿಂಡಿದರೆ ಸಭೆಗೆ ಸೆಕೆಂಡಿಗೆ 4.4 ಮೆಗಾಬಿಟ್ಟು ಸಿಗುವುದು. ಚಿಕ್ಕ ಭಾಗಗಳನ್ನು ಮುಟ್ಟದೆ ಇದ್ದಂತೆ ಬಿಟ್ಟರೆ ಸಭೆಗೆ ಉಳಿಯುವುದು 3.6 ಗಿಗಾಬೈಟು, ಅಂದರೆ ಸೆಕೆಂಡಿಗೆ 4 ಮೆಗಾಬಿಟ್ಟು. ಭೇದವು ಇಷ್ಟೇ! ಅನುಬಂಧಗಳನ್ನು ಕತ್ತರಿಸಿ ಮುಖ್ಯ ಚಿತ್ರವನ್ನು ಅಂದಗೊಳಿಸುವವರು ಇಷ್ಟು ಸ್ವಲ್ಪ ಲಾಭಕ್ಕಾಗಿ ಎಷ್ಟನ್ನು ಕಳೆಯುತ್ತಾರೆಂಬುದನ್ನು ಈ ಒಂದು ಲೆಕ್ಕವೇ ತೋರಿಸುತ್ತದೆ.

ಇನ್ನೊಂದು ಮಾತು. ತಟ್ಟೆಯ ಚಿತ್ರವು ಎಂಪೆಗ್-2 ಎಂಬ ರೀತಿಯಲ್ಲಿ ಬರೆದದ್ದು. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಬರೆದು, ನಡುವಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುವುದು ಅದರ ಪದ್ಧತಿ. ಕೋಲಾಟದ ಹುಡುಗಿಯರು ಕ್ಷಣಕ್ಷಣಕ್ಕೂ ಸ್ಥಳ ಬದಲಾಯಿಸುವುದರಿಂದ ಅವರಿಗೆ ಹೆಚ್ಚು ಬಿಟ್ಟುಗಳು ಬೇಕು. ಮೇಜಿನ ಹಿಂದೆ ನಿಂತು ಮಾತಾಡುವ ಮಹನೀಯರಿಗೆ ಬಹಳ ಸ್ವಲ್ಪ ಸಾಕು. ಎರಡು ಸುತ್ತಿನ ಸಂಕೇತನದಲ್ಲಿ ಯಂತ್ರವು ಮೊದಲನೆಯ ಸುತ್ತಿನಲ್ಲಿ ಇದನ್ನು ಅಳೆದು, ಎರಡನೆಯದರಲ್ಲಿ ಹಂಚುತ್ತದೆ. ಭಾಷಣಗಳನ್ನು ಹಿಂಡಿದರೆ ನಷ್ಟವಿಲ್ಲವೆಂಬ ನಮ್ಮ ಅಭಿಪ್ರಾಯಕ್ಕೆ ಹೀಗೆ ಶಾಸ್ತ್ರಾಧಾರವೂ ಉಂಟು.

ಸೂಚೀಪುಟವನ್ನು ಉಳಿಸಿಕೊಂಡು ಚಿಕ್ಕದು ಮಾಡುವುದಕ್ಕೆ ಡಿ.ವಿ.ಡಿ. ಶ್ರಿಂಕ್ ಎಂಬ ಹಳೆಯ ಸಾಧನವಿದೆ. ಅದರ ನವೀಕರಣ ನಿಂತು ಬಹುಕಾಲವಾಯಿತು. ವಿಂಡೋಸ್ ಗಣಕಯಂತ್ರವೂ ಬೇಕು. ಅದು ಪೂರ್ಣವಾಗಿ ಹೊಸದಾಗಿ ಸಂಕೇತಿಸದೆ ಇರುವ ಅಂಕೆಗಳನ್ನೇ ಒರಟು ಮಾಡುವುದರಿಂದ, ಬಹಳ ಹಿಂಡಿದರೆ ಚಿತ್ರದಲ್ಲಿ ಚೌಕಗಳು ಏಳುತ್ತವೆ. ಅದಾಗಿಯೂ ಇಡೀ ತಟ್ಟೆಯನ್ನು ಆರಿಸಿಕೊಂಡು, ಮುಖ್ಯ ಚಿತ್ರ, ಅನುಬಂಧ, ಸೂಚೀಪುಟಗಳಿಗೆ ಬೇರೆ ಬೇರೆ ಪ್ರಮಾಣ ಗೊತ್ತುಮಾಡಬಹುದು. ಐ.ಎಫ್.ಓ.ದ ಲೆಕ್ಕಗಳನ್ನು ಅದೇ ತಿದ್ದುತ್ತದೆ. ಅನುಬಂಧದ ಸ್ಥಳದಲ್ಲಿ ಒಂದು ನಿಶ್ಚಲ ಚಿತ್ರವನ್ನಿಡುವ ಉಪಾಯವೂ ಅದರಲ್ಲಿದೆ. ಆ ಗುಂಡಿಯನ್ನು ನಮ್ಮ ಓದುಗರು ಒತ್ತದಿರಲೆಂದು ಬೇಡುತ್ತೇವೆ.

ಇದೆಲ್ಲವೂ ನಮ್ಮ ನಮ್ಮ ಸ್ವಂತ ತಟ್ಟೆಗಳ ವಿಷಯ. ಅಂಗಡಿಯಲ್ಲಿ ಕೊಂಡ ಚಲನಚಿತ್ರಗಳಿಗೆ ಬೀಗವಿರುವುದುಂಟು. ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಅಂಥ ಬೀಗವನ್ನು ಮುರಿಯುವುದು ಅಪರಾಧವಾಗಿದೆ.

ಮೇಟ್ರನಮ್ಮನವರ ಕಡೆಗೆ ಹಿಂದಿರುಗೋಣ. ಬೀರುವಿನಿಂದ ತೆಗೆದ ಮೂಲ ತಟ್ಟೆಯು ಮೋಡ ಕವಿದಂತೆ ಮಂಕಾಗಿತ್ತು. ಮನೆಯಲ್ಲಿ ಬರೆಯುವ ತಟ್ಟೆಗಳಲ್ಲಿ ಅಕ್ಷರಗಳು ನಿಂತಿರುವುದು ಒಂದು ಬಗೆಯ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಶತ್ರುಗಳು, ಮತ್ತು ನಮ್ಮ ಕರಾವಳಿಯಲ್ಲಿ ಮೂರಕ್ಕೂ ಕೊರತೆಯಿಲ್ಲ. ಸಾಧಾರಣ ರೀತಿಯಲ್ಲಿ ನಕಲು ಮಾಡಹೋದರೆ ಯಂತ್ರವು ನಡುದಾರಿಯಲ್ಲಿ ನಿಂತುಬಿಟ್ಟಿತು. ಆಗ ನಮ್ಮ ಗಣಕಪಾಠದ ಉಪಾಧ್ಯಾಯಿನಿಯವರು ಡಿ.ಡಿ.ರೆಸ್ಕ್ಯೂ ಎಂಬ ಉಚಿತ ಸಾಧನವನ್ನು ಹೂಡಿದರು. ಅದು ಮೊದಲು ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಕೂಡಿಸಿಕೊಂಡು, ಆಮೇಲೆ ಕೆಟ್ಟ ಸ್ಥಳಗಳಿಗೆ ಮತ್ತೆ ಮತ್ತೆ ಹಿಂದಿರುಗುತ್ತದೆ. ಓದಿದ್ದೆಷ್ಟು ಓದದ್ದೆಷ್ಟು ಎಂಬುದನ್ನು ಒಂದು ನಕ್ಷೆಯಲ್ಲಿ ಬರೆದಿಡುತ್ತದೆ. ಎರಡು ರಾತ್ರಿ ಅದು ನಡೆಯಿತು. ನಾಲ್ಕನೆಯ ಭಾಗದ ಐ.ಎಫ್.ಓ. ಹಾಳಾಗಿತ್ತು, ದೂರದಲ್ಲಿಟ್ಟ ಬಿ.ಯು.ಪಿ. ಉಳಿದಿತ್ತು. ಅದರ ಹೆಸರನ್ನು ಬದಲಾಯಿಸಿ ಐ.ಎಫ್.ಓ.ದ ಸ್ಥಳದಲ್ಲಿ ಇಟ್ಟೊಡನೆ ನಾಲ್ಕನೆಯ ಗುಂಡಿ ಕೆಲಸಮಾಡಿತು. ಮೇಟ್ರನಮ್ಮನವರು ಕನ್ನಡಕವನ್ನು ಸರಿಪಡಿಸಿಕೊಂಡು ಮಾತಿಗೆ ತೊಡಗಿದರು.

ಆದರೆ ಸುಮಾರು 40 ಸೆಕೆಂಡಿನ ಭಾಗ ಇನ್ನೂ ಬಂದಿಲ್ಲ. ತಾವು ಸೇರಿದ ಮೊದಲನೆಯ ವರ್ಷ ಬೋರ್ಡಿಂಗಿನಲ್ಲಿದ್ದ ಹುಡುಗಿಯರನ್ನು ಅವರು ಒಬ್ಬೊಬ್ಬರಾಗಿ ಹೆಸರಿಸುತ್ತಿರುವಾಗಲೇ ಚಿತ್ರವು ಒಡೆದು, ಸ್ವರ ನಿಲ್ಲುತ್ತದೆ. ನಮಗೆ ಬರೆದವಳು ಆ ವರ್ಷದವಳು. ಉಳಿದುದನ್ನು ಅವಳಿಗೆ ಕಳುಹಿಸಿದ್ದೇವೆ.

2011ರಲ್ಲಿ ಕೊಟ್ಟ ತಟ್ಟೆಗಳೆಲ್ಲವೂ ಒಂದೇ ಪ್ರತಿಬಿಂಬದಿಂದ ಬರೆದವು. ಆದುದರಿಂದ ಎಲ್ಲದರಲ್ಲಿಯೂ ಒಂದೊಂದು ಖಂಡವು ಅದೇ ಅಂಕೆಯಲ್ಲಿದೆ. ನಮ್ಮ ತಟ್ಟೆ ಕೆಟ್ಟಿರುವ ಸ್ಥಳದಲ್ಲಿ ನಿಮ್ಮದು ಚೆನ್ನಾಗಿದ್ದರೆ, ಮೇಲೆ ಹೇಳಿದ ನಕ್ಷೆಯ ಸಹಾಯದಿಂದ ಆ ಖಂಡಗಳನ್ನು ಮಾತ್ರ ನಿಮ್ಮದರಿಂದ ತುಂಬಿಕೊಳ್ಳಬಹುದು. ನಿಮ್ಮದು ಬೇರೆ ಸ್ಥಳದಲ್ಲಿ ಗೀರುಬಿದ್ದಿದ್ದರೂ ಅಡ್ಡಿಯಿಲ್ಲ. ತಟ್ಟೆಯುಳ್ಳವರು ದಯಮಾಡಿ ಅದನ್ನು ಪೆಟ್ಟಿಗೆಯ ಸಹಿತ ಶಾಲೆಯ ಕಚೇರಿಗೆ ಮುಟ್ಟಿಸಬೇಕು. ಅದಕ್ಕೆ ಮೊದಲು ಆಡಿಸಿ ನೋಡಬೇಡಿರಿ. ಧೂಳಿದ್ದರೆ ಮೆದುವಾದ ಅರಿವೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರಸಿರಿ, ಸುತ್ತಲೂ ತಿರುಗಿಸಿ ಒರಸಬೇಡಿರಿ. ತಟ್ಟೆಯನ್ನು ಒಂದು ವಾರದೊಳಗೆ, ಪೂರ್ಣ ಪ್ರತಿಯೊಂದರ ಸಹಿತವಾಗಿ, ಹಿಂದಿರುಗಿಸುತ್ತೇವೆ.